ಎದುರಿನ ಗೋಡೆ

ಮೇಷ್ಟ್ರು ಕೋಣೆಯ ನಟ್ಟನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. ಆ ಸಪ್ಪಳ ಗೋಡೆಯಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಓಡಾಡಿ, ಸಾಕಾದ ಮೇಲೆ ನಿಂತಿತು. "ಕೇಳಿದ್ರಲ್ಲ, ಇದನ್ನ ನುಂಗಿಸಬೇಕು. ಗಾದಿ ಹಾಕೋರ ಕೈಲಿ ಆಗೋ ಕೆಲಸ ಇದು" ಅಂದರು. ನಾನು ಗೋಡೆಗೆ ಅಂಗೈ ಒತ್ತಿ ನೋಡಿದೆ. ಗಾದಿ ಅಂದ ಮೇಲೆ ನನಗೆ ಭಯ ಎಲ್ಲಿಯದು? ಮಲಗಿಸುವ ಗಾದಿಯನ್ನು ನಿಲ್ಲಿಸಿದರಾಯಿತು, ಅಷ್ಟೇ ತಾನೇ ಅಂದುಕೊಂಡೆ. ಆ ಹಮ್ಮು ಬಹಳ ದಿನ ಉಳಿಯಲಿಲ್ಲ.

ಮೇಷ್ಟ್ರು ಬಳ್ಳಾರಿಯಲ್ಲಿ ಸಂಗೀತ ಕಲಿಸುವವರು. ಕಂಟೋನ್ಮೆಂಟಿನಲ್ಲಿ ಅವರ ಮನೆಯ ಹಿಂದೆ ಒಂದು ಒಂಟಿ ಕೋಣೆ ಇದೆ. ಇಂಗ್ಲಿಷರ ಕಾಲಕ್ಕೆ ಅಲ್ಲಿ ಕುದುರೆ ಕಟ್ಟುತ್ತಿದ್ದರಂತೆ. ದಪ್ಪ ಗೋಡೆ, ಎತ್ತರದ ಸೂರು, ನೆಲಕ್ಕೆ ಬಂಡೆ. ಭಜನೆಯವರ ಹಾಡು ರೆಕಾರ್ಡ್ ಮಾಡಲಿಕ್ಕೆಂದು ಅಲ್ಲಿ ಮೈಕು, ಕಂಪ್ಯೂಟರು ಎಲ್ಲ ತಂದಿಟ್ಟುಕೊಂಡಿದ್ದರು. ಮೊದಲು ಹಾಡಲು ಬಂದವರು ಕುರುಗೋಡಿನ ಒಬ್ಬ ಅಮ್ಮ. ಅವರ ಹಾಡು ಹಾಕಿ ನನಗೆ ಕೇಳಿಸಿದರು. ದನಿ ದೊಡ್ಡದು, ಆದರೆ ಒಂದು ಮಾತಿನ ಮೇಲೆ ಇನ್ನೊಂದು ಮಾತು ಹತ್ತಿ ಕೂತು, ಏನು ಹಾಡುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಕೋಣೆಯ ಮಾರ್ದನಿ ಹಾಡನ್ನೆಲ್ಲ ಕಲಸಿಬಿಟ್ಟಿತ್ತು.

ಆ ಅಮ್ಮನ ವಿಷಯ ಇಲ್ಲಿ ಹೇಳಬೇಕು, ಯಾಕೆಂದರೆ ಈ ಕೆಲಸವೆಲ್ಲ ಅವರ ಸಲುವಾಗಿಯೇ ಶುರುವಾದದ್ದು. ಅವರು, ಅವರ ಅಕ್ಕ, ಇಬ್ಬರೂ ಕುರುಗೋಡಿನಲ್ಲಿ ಸತ್ತವರ ಮನೆಗೆ ಹೋಗಿ ಹಾಡುತ್ತಿದ್ದವರು. ಯಾರದೇ ಮನೆಯಲ್ಲಿ ಸಾವಾದರೂ ಇವರಿಗೆ ಕರೆ ಬರುತ್ತಿತ್ತು. ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತು ತಂಗಿ ಸಾಲು ಎತ್ತಬೇಕು, ಅಕ್ಕ ಆ ಸಾಲಿನ ಕೊನೆಯ ಮಾತು ಹಿಡಿದು ತಿರುಗಿ ಕೊಡಬೇಕು. ಹಾಗೆ ತಿರುಗಿ ಬಂದರೇನೇ ತಂಗಿಗೆ ಮುಂದಿನ ಸಾಲು ನೆನಪಾಗುವುದು. ಹುಡುಗಿಯರಿದ್ದಾಗಿನಿಂದ ಹಾಗೆಯೇ ಹಾಡಿಕೊಂಡು ಬಂದವರು. ಅಕ್ಕ ತೀರಿಕೊಂಡ ದಿನ ಈ ಅಮ್ಮ ಆಕೆಯ ಮುಂದೆ ಕೂತು ಹಾಡು ಎತ್ತಿದರಂತೆ. ಎರಡನೇ ಸಾಲಿಗೆ ನಿಂತುಹೋಯಿತಂತೆ. ಊರಿಗೆಲ್ಲ ಹಾಡಿದವಳಿಗೆ ಹಾಡಿಲ್ಲದೆಯೇ ಮಣ್ಣಾಯಿತು. ಈಗ ವರ್ಷದ ದಿನ ಹತ್ತಿರ ಬಂದಿತ್ತು. ಆವತ್ತು ಬಿಟ್ಟುಹೋದ ಹಾಡನ್ನು ಆ ದಿನವಾದರೂ ಅಕ್ಕನ ಫೋಟೋದ ಮುಂದೆ ಪೂರ್ತಿ ಕೇಳಿಸಬೇಕು ಅನ್ನುವುದು ಅವರ ಹಟ. ಬಾಯಲ್ಲಿ ಆಗದಿದ್ದರೆ ಸ್ಪೀಕರಿನಲ್ಲಾದರೂ ಸರಿ ಅಂತ ಮೇಷ್ಟ್ರ ಹತ್ತಿರ ಬಂದಿದ್ದರು.

ಹೊದಿಕೆ ಏನೂ ಇಲ್ಲದ ಆ ಕೋಣೆಯಲ್ಲಿ ಅವರು ನಡುವೆ ನಿಲ್ಲದೆ ಹಾಡಿ ಮುಗಿಸಿದ್ದರು. ಅದು ಯಾಕೆ ಸಾಧ್ಯವಾಯಿತು ಅಂತ ನಾನೂ ಕೇಳಲಿಲ್ಲ, ಮೇಷ್ಟ್ರೂ ಯೋಚಿಸಲಿಲ್ಲ. ಮಾತು ಸ್ಪಷ್ಟವಾಗಿ ಕೇಳಬೇಕು ಅನ್ನುವುದೊಂದೇ ನಮ್ಮಿಬ್ಬರ ತಲೆಯಲ್ಲಿ ಕೂತಿತ್ತು.

ಮೊದಲು ಹತ್ತಿ ಹಾಕೋಣವೆಂದೆ. ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆತನ, ಹತ್ತಿ ಬಿಟ್ಟರೆ ಬೇರೆಯದು ಬಾಯಿಗೆ ಬರುವುದಿಲ್ಲ. ಆಮೇಲೆ ನನಗೇ ತಿಳಿಯಿತು, ನಿಲ್ಲಿಸಿದ ಹತ್ತಿ ಒಂದು ಮಳೆಗಾಲ ಕಳೆಯುವುದರೊಳಗೆ ತೇವ ಹಿಡಿದು ಗಂಟಾಗಿ ಕೆಳಗೆ ಕೂರುತ್ತದೆ, ಇಲಿಗೆ ಮನೆಯಾಗುತ್ತದೆ. ಅಂಗಡಿಯವನೊಬ್ಬ ಗಾಜಿನ ಉಣ್ಣೆ ಹಾಕಿ ಅಂದ. ಹಾಡುವವರ ಗಂಟಲಿಗೆ ಅದರ ಪುಡಿ ಹೋದರೆ ಗತಿ ಏನು ಅಂತ ಮೇಷ್ಟ್ರು ಬೇಡವೆಂದರು. ಕೊನೆಗೆ ಉಳಿದದ್ದು ಪಾಲಿಯೆಸ್ಟರ್ ಫೈಬರು. ದಿಂಬಿಗೆ ನಾವೀಗ ತುಂಬುವುದೆಲ್ಲ ಅದೇ. ತೇವಕ್ಕೆ ಜಗ್ಗುವುದಿಲ್ಲ, ಒತ್ತಿ ಬಿಟ್ಟರೆ ಮತ್ತೆ ಉಬ್ಬಿ ನಿಲ್ಲುತ್ತದೆ. ಅಪ್ಪನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕೌಲ್ ಬಜಾರಿನ ನಮ್ಮ ಅಂಗಡಿಗೆ ಮೊದಲ ಮೂಟೆ ಬಂದ ದಿನ ಒಂದು ಹಿಡಿ ತೆಗೆದು ತನ್ನ ಬಿಲ್ಲಿಗೆ ಕೊಟ್ಟು ಹಿಂಜಲು ನೋಡಿದ್ದ. ಅದು ಹಿಂಜಿಸಿಕೊಳ್ಳದೆ ನರಕ್ಕೆ ಸುತ್ತಿಕೊಂಡಿತು. ಜೀವ ಇಲ್ಲದ್ದು ಅಂತ ಬೈದು ಎದ್ದುಹೋಗಿದ್ದ.

ಆ ಬಿಲ್ಲು ನೋಡದವರಿಗೆ ಹೇಳುತ್ತೇನೆ. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಕುರಿಯ ಕರುಳಿನಿಂದ ಹೊಸೆದ ನರ. ಹತ್ತಿಯ ಮೇಲೆ ಅದನ್ನು ತೂಗುಬಿಟ್ಟು ಮರದ ಕೊಡತಿಯಿಂದ ನರ ಮೀಟಿದರೆ ಟುಂಯ್ ಅನ್ನುತ್ತದೆ, ಹತ್ತಿ ಎದ್ದು ಅರಳುತ್ತದೆ. ಸಿರುಗುಪ್ಪದ ಕಡೆ ಹಳ್ಳಿಗಳಲ್ಲಿ ಅಪ್ಪ ಓಣಿಗೆ ಬಂದದ್ದು ಜನಕ್ಕೆ ಆ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಅವನು ತೀರಿಹೋಗಿ ಬಹಳ ವರ್ಷವಾಯಿತು.

ಮೊದಲ ಸಲ ನಾನು ಮಾಡಿದ್ದು ಪೂರಾ ಎಡವಟ್ಟು. ಗಾದಿ ತುಂಬಿದ ಹಾಗೆ ಫೈಬರನ್ನು ಗುದ್ದಿ ಗುದ್ದಿ ತುಂಬಿದೆ. ಎಲ್ಲೂ ಬೆರಳು ಹೋಗಬಾರದು ಅನ್ನುವುದು ನಮ್ಮ ಕಸುಬಿನ ಅಭಿಮಾನ. ಮೇಲೆ ಒರೆಸಲು ಸುಲಭ ಅಂತ ಒಳ್ಳೇ ರೆಕ್ಸಿನ್ ಎಳೆದು ಹೊಲಿದೆ. ನೋಡಲಿಕ್ಕೆ ಅಂದ. ಮೇಷ್ಟ್ರು ಬಂದು ಚಪ್ಪಾಳೆ ತಟ್ಟಿದರೆ ಸಪ್ಪಳ ಮೊದಲಿನಷ್ಟೇ ಓಡಾಡಿತು. ರೆಕ್ಸಿನ್ನಿಗೆ ತಾಗಿ ಜಾರಿ ವಾಪಸು ಬರುತ್ತಿತ್ತು. ಅವರು ನಗಲಿಲ್ಲ, ಆದರೆ ಮೀಸೆ ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಎಲ್ಲ ಬಿಚ್ಚಿದೆ. ಮೇಷ್ಟ್ರು ಅಲ್ಲಿಲ್ಲಿ ಓದಿಕೊಂಡು ಬಂದು ತಿಳಿಸಿದರು: ಸಪ್ಪಳ ಅನ್ನುವುದು ಗಾಳಿಯ ಅಲುಗಾಟ, ಅದು ಎಳೆಗಳ ನಡುವೆ ನುಗ್ಗಿ ಉಜ್ಜಿ ಉಜ್ಜಿ ಸುಸ್ತಾಗಬೇಕು, ಗುದ್ದಿ ತುಂಬಿದರೆ ಒಳಗೆ ನುಗ್ಗಲು ದಾರಿಯೇ ಇರುವುದಿಲ್ಲ. ಸಡಿಲ ಬಿಡಬೇಕು ಅಂದರು. ಸಡಿಲ ಬಿಡುವುದು ನನ್ನ ಕೈಗೇ ಬಾರದ ಕೆಲಸ. ಸಡಿಲ ಬಿಟ್ಟದ್ದು ನಾಲ್ಕು ದಿನಕ್ಕೆ ಜಾರಿ, ಮೇಲೆ ಖಾಲಿಯಾಗಿ ಕೆಳಗೆ ಹೊಟ್ಟೆ ಬಂತು. ಆಗ ಬಿಡಿ ಫೈಬರು ಬಿಟ್ಟು, ಹಾಳೆಯ ಹಾಗೆ ಬರುವ ಫೈಬರು ತಂದೆ. ತೆಳು ಮರದ ರೀಪಿನ ಚೌಕಟ್ಟು ಮಾಡಿ, ಹಾಳೆಗಳನ್ನು ಒಂದರ ಮೇಲೊಂದು ಒತ್ತದೆ ಹಾಸಿ, ದಬ್ಬಣದಿಂದ ಗಾದಿಗೆ ಹಾಕುವಂತೆ ಅಲ್ಲಲ್ಲಿ ಬಿಡಿ ಹೊಲಿಗೆಯ ಟಾಕಿ ಹಾಕಿದೆ. ದಾರ ಎಳೆದು ಬಿಗಿಯದೆ ಬರೀ ಹಿಡಿದು ನಿಲ್ಲಿಸುವಷ್ಟು. ಬಟ್ಟೆಗೆ ಒಂದು ಪರೀಕ್ಷೆ ಕಂಡುಕೊಂಡೆ: ಬಾಯಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ಆಚೆಗೆ ಬರಬೇಕು. ನಮ್ಮೂರ ಜೀನ್ಸ್ ಬಟ್ಟೆ ಅದರಲ್ಲಿ ಫೇಲಾಯಿತು, ತೆಳು ಖಾದಿ ಪಾಸಾಯಿತು. ಚೌಕಟ್ಟುಗಳನ್ನು ಗೋಡೆಗೆ ಅಂಟಿಸದೆ ಹಿಂದೆ ನಾಲ್ಕು ಬೆರಳು ಗಾಳಿ ಬಿಟ್ಟೆ. ಅದರಿಂದ ದಪ್ಪ ದನಿಯ ಗುಂಯ್ಗುಟ್ಟುವಿಕೆಯೂ ತಗ್ಗಿತು. ನಾಲ್ಕು ಗೋಡೆ, ಮೂಲೆಗಳು, ಸೂರು, ಬಾಗಿಲಿಗೂ ಒಂದು ಗಾದಿ. ಒಂದು ಅಂಗುಲ ಬಿಡಲಿಲ್ಲ. ಸಡಿಲ ಬಿಡುವುದನ್ನು ಕಲಿತೆನೇ ಹೊರತು ಬರಿಗೋಡೆ ಬಿಡುವುದು ನನಗೆ ಹೊಳೆಯಲೇ ಇಲ್ಲ.

ಮೇಷ್ಟ್ರು ಮತ್ತೆ ಚಪ್ಪಾಳೆ ತಟ್ಟಿದರು. ಎರಡು ಕೈ ಕೂಡಿದ್ದು ಕಂಡಿತು, ಅಷ್ಟೇ. ಸಪ್ಪಳ ಅವರ ಕೈಯಲ್ಲೇ ಸತ್ತಿತು. ಅವರ ಮುಖ ಅರಳಿತು.

ಮಾರನೆಯ ದಿನ ಮಧ್ಯಾಹ್ನ ಟಾಕಿಗಳನ್ನು ನೋಡಲಿಕ್ಕೆಂದು ನಾನೊಬ್ಬನೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಮೊದಲು ನನ್ನ ಉಸಿರು ಕೇಳಿತು. ಉಗುಳು ನುಂಗಿದ್ದು ಕೇಳಿತು. ಕುತ್ತಿಗೆ ತಿರುಗಿಸಿದರೆ ಅಂಗಿಯ ಕಾಲರು ಚರ್ಮಕ್ಕೆ ಉಜ್ಜಿದ್ದು ಕೇಳಿತು. ಆಮೇಲೆ, ಬಹಳ ದೂರದ ಓಣಿಯಿಂದ ಬರುವಂತೆ, ಟುಂಯ್ ಅಂತು. ಸ್ವಲ್ಪ ತಡೆದು ಮತ್ತೆ ಟುಂಯ್. ನನ್ನ ಮೈ ಜುಮ್ ಅಂತು. ಎಷ್ಟು ಪಿಂಜಾರರ ಬಿಲ್ಲು ಕೇಳಿಲ್ಲ ನಾನು, ಒಬ್ಬೊಬ್ಬರದು ಒಂದೊಂದು ದನಿ. ಇದು ಅಪ್ಪನದು. ದಬ್ಬಣ ಅಲ್ಲೇ ಬಿಟ್ಟು ಹೊರಗೆ ಓಡಿಬಂದೆ. ಹೊರಗೆ ಆಟೋ, ಕಾಗೆ, ಸ್ಟೇಷನ್ನಿನ ಕಡೆ ರೈಲು. ಬಿಲ್ಲು ಇಲ್ಲ.

ಮೇಷ್ಟ್ರಿಗೆ ಹೇಳಿದೆ. ಅವರೂ ಒಳಗೆ ಹೋಗಿ ಕೂತು ಬಂದರು. ಅವರಿಗೆ ಕೇಳಿದ್ದು ಸಣ್ಣಗೆ ಕೊಯ್ಯೆನ್ನುವ ಸದ್ದು ಮಾತ್ರ. ಪ್ರತಿಯೊಬ್ಬರ ಕಿವಿಯೊಳಗೂ ಒಂದು ಸದ್ದು ಇದ್ದೇ ಇರುತ್ತದೆ, ಊರಿನ ಗದ್ದಲದಲ್ಲಿ ಕೇಳುವುದಿಲ್ಲ, ನೀವು ಹುಟ್ಟಿದಾಗಿನಿಂದ ಬಿಲ್ಲು, ಆಮೇಲೆ ಹಿಂಜುವ ಮೆಷಿನ್ನಿನ ಪಕ್ಕ ಕೂತವರು, ಅದು ನಿಮ್ಮ ಕಿವಿಯಲ್ಲಿ ಉಳಿದಿದೆ, ನಾಡಿ ಬಡಿದ ಹಾಗೆ ಬಡಿಯುತ್ತದೆ ಅಂದರು. ಮಾತು ಖರೆ. ಬುದ್ಧಿ ಒಪ್ಪಿಕೊಂಡಿತು. ಆದರೆ ಬುದ್ಧಿ ಒಪ್ಪಿದರೆ ಕಿವಿಯೂ ಒಪ್ಪಬೇಕೆಂದು ಎಲ್ಲಿದೆ?

ಆಮೇಲೆ ಏನೇನೋ ನೆಪ ತೆಗೆದು ಹೋಗತೊಡಗಿದೆ. ಮೂಲೆ ಸಡಿಲಾಗಿದೆ, ಬಾಗಿಲಿನ ಗಾದಿ ಜಗ್ಗಿದೆ. ಒಳಗೆ ಹೋಗಿ ನಡುವೆ ಚಕ್ಕಳಮಕ್ಕಳ ಹಾಕಿ ಕೂರುವುದು, ಉಸಿರು ಇಳಿಯುವ ತನಕ ಕಾಯುವುದು. ಬರುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು, ಎದ್ದುಬರಲಿಕ್ಕೂ ಮನಸ್ಸಾಗುತ್ತಿರಲಿಲ್ಲ. ಒಂದು ದಿನ ಬಾಯಿಬಿಟ್ಟು "ಅಪ್ಪಾ" ಅಂದೆ. ಆ ಮಾತನ್ನು ಕೋಣೆ ತುಟಿಯ ಹತ್ತಿರವೇ ನುಂಗಿಹಾಕಿತು. ಅದನ್ನೂ ಮಾಡಿದವನು ನಾನೇ ಅಲ್ಲವೇ, ಯಾರ ಮೇಲೆ ಸಿಟ್ಟು ಮಾಡಲಿ?

ಅಸಲು ಬಿಲ್ಲು ಸಿರುಗುಪ್ಪದಲ್ಲಿ ತಂಗಿಯ ಮನೆಯಲ್ಲಿತ್ತು. ಹೋಲಿಸಿ ನೋಡೇ ಬಿಡೋಣ ಅಂತ ಬಸ್ಸು ಹತ್ತಿದೆ. ತಂಗಿ ಅದನ್ನು ಅಟ್ಟದಿಂದ ಇಳಿಸಿ ಸೆರಗಿನಿಂದ ಒರೆಸಿ ಕೊಟ್ಟಳು. ಕರುಳಿನ ನರ ಇರಲಿಲ್ಲ, ಇಲಿ ತಿಂದು ಯಾವ ಕಾಲವಾಗಿತ್ತೋ. ಬಿಲ್ಲು ಬಾಗು ಬಿಡಬಾರದು ಅಂತ ಅವಳ ಗಂಡ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿದ್ದರು. ನಾನು ಪೇಟೆಗೆ ಹೋಗಿ ಮೀನು ಹಿಡಿಯುವ ದಪ್ಪ ನೈಲಾನ್ ದಾರ ತಂದು, ಎಳೆ ಕೂಡಿಸಿ ಹೊಸೆದು, ಬಿಗಿದು ಕಟ್ಟಿ ಮೀಟಿದೆ. ತೆಳ್ಳಗೆ, ಬೆಪ್ಪಾಗಿ ಒಂದು ಸದ್ದು ಬಂತು. ಬಿಗಿದಷ್ಟೂ ಹಿಗ್ಗಿ ಸಡಿಲಾಗುತ್ತದೆ ಆ ಹಾಳು ದಾರ. ಕರುಳಿನ ನರ ಹೊಸೆಯುವವರು ಯಾರಾದರೂ ಉಳಿದಿದ್ದಾರಾ ಅಂತ ಕೇಳಿದೆ. ತಂಗಿ ಇಲ್ಲವೆಂದು ತಲೆಯಾಡಿಸಿದಳು.

"ಅಪ್ಪನ ದನಿ ನನಗ ಮರತೇ ಹೋಗೈತಿ ಅಣ್ಣಾ" ಅಂದಳು, ಬಿಲ್ಲನ್ನು ಮತ್ತೆ ಅಟ್ಟಕ್ಕೆ ಏರಿಸುತ್ತ.

ನನಗೆ ಮರೆತಿಲ್ಲ ಅಂತ ಹೇಳಬೇಕೆನಿಸಿತು. ಹೇಳಿದರೆ ಅವಳೂ ಆ ಕೋಣೆಗೆ ಬರುತ್ತೇನೆ ಅನ್ನುತ್ತಾಳೆ, ಬಂದರೆ ಅವಳಿಗೆ ಏನೂ ಕೇಳುವುದಿಲ್ಲ. ಸುಮ್ಮನೆ ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದರೆ ಒಂದೇ ಮಾತು ಉಳಿಯಿತು: ಅಪ್ಪನ ಬಿಲ್ಲು ಈಗ ಜಗತ್ತಿನಲ್ಲಿ ಕೇಳುವುದು ನಾನು ಫೈಬರು ಬಡಿದ ಆ ಕೋಣೆಯಲ್ಲಿ ಮಾತ್ರ. ಅವನು ಬೈದುಹೋದ ಫೈಬರಿನಲ್ಲೇ.

ವರ್ಷದ ದಿನ ಇನ್ನೇನು ಬಂತು ಅನ್ನುವಾಗ ಕುರುಗೋಡಿನ ಅಮ್ಮ ಮತ್ತೆ ಬಂದರು. ನನ್ನ ಕೆಲಸಕ್ಕೆ ಅದೇ ಪರೀಕ್ಷೆ, ಹಾಗಾಗಿ ನಾನೂ ಹೋಗಿದ್ದೆ. ಸಣ್ಣ ಆಳು, ಹಣೆತುಂಬ ವಿಭೂತಿ. ಮೈಕಿನ ಮುಂದೆ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಎತ್ತಿದರು.

"ಬಾಗಿಲ ತಟ್ಟೀನಿ, ಒಳಗ ಯಾರಿದ್ದೀರಿ."

ನಿಂತರು. ಎದುರಿಗೆ ಮುಖ ಎತ್ತಿ ಕಾದರು. ಖಾದಿ ಹೊದ್ದ ಗೋಡೆ ತೆಪ್ಪಗಿತ್ತು. ಎರಡನೇ ಸಾಲು ಹಾಡಿದರು, ಮತ್ತೆ ಕಾದರು. ಮೂರನೆಯದು ಬರಲಿಲ್ಲ. ಬಾಯಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೊದಲಿಂದ ಎತ್ತಿದರು. ಮತ್ತೆ ಅಲ್ಲಿಗೇ ನಿಂತಿತು. ಅಕ್ಕನ ಮುಂದೆ ಕೂತ ದಿನವೂ ಹೀಗೇ ಆಗಿರಬೇಕು ಅಂತ ಅಲ್ಲೇ ಕೂತಿದ್ದ ನನ್ನ ಕಣ್ಣಿಗೆ ಕಟ್ಟಿತು.

ಮೇಷ್ಟ್ರು ತಾವೇ ಎದುರು ಕೂತು ಕೊನೆಯ ಮಾತು ಹಿಡಿದು ಹೇಳಿದರು. ಗಂಡುದನಿ, ಅದೂ ತಾಳ ತಪ್ಪದ ಸಂಗೀತದವರ ದನಿ. ಅಮ್ಮ ಗಲಿಬಿಲಿಗೊಂಡು ಕೈಸನ್ನೆ ಮಾಡಿ ನಿಲ್ಲಿಸಿದರು. ಆಮೇಲೆ ಮೇಷ್ಟ್ರು ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಅವರದೇ ದನಿ ತಡವಾಗಿ ತಿರುಗಿ ಬರುವಂತೆ ಕಂಪ್ಯೂಟರಿನಲ್ಲಿ ಮಾಡಿದರು. ಒಂದು ಸಾಲಿಗೇ ಅಮ್ಮ ಅದನ್ನು ಕಿತ್ತು ಮಡಿಲಲ್ಲಿ ಇಟ್ಟುಕೊಂಡರು.

"ನಮ್ಮಕ್ಕ ನನ್ನ ಕಿವಿಯಾಗ ಎಂದೂ ಕುಂತಿಲ್ಲರಿ. ಎದುರಿಗೆ ಕುಂದ್ರತಿದ್ಲು. ಹೋದ ಸಲ ಬಂದಾಗ ಆ ಗೋಡಿಗೆ ಇದ್ಲು. ಏನು ಮಾಡಿದ್ರಿ ಆಕೀನ?"

ಮೇಷ್ಟ್ರು ತಲೆ ತಗ್ಗಿಸಿದರು. ಬರಿಗೋಡೆಯೇ ಅವರ ಅಕ್ಕನಾಗಿತ್ತು. ಅವರ ಸಲುವಾಗಿಯೇ ಅಂತ ಹೇಳಿಕೊಂಡು ನಾನು ಆಕೆಯ ಬಾಯಿಗೆ ಫೈಬರು ತುಂಬಿ ಹೊಲಿದಿದ್ದೆ.

ಹೊರಗೆ ಬಂದು ಬೇವಿನ ಮರದ ಕೆಳಗೆ ಮೇಷ್ಟ್ರು ಲೆಕ್ಕ ಹಾಕಿದರು. ಎದುರಿನ ಗೋಡೆಯೊಂದನ್ನೇ ಬಿಚ್ಚಿದರೆ? ಮೈಕು ಮುಂದಿನದನ್ನು ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದರ ಬೆನ್ನನ್ನು ಆ ಗೋಡೆಗೆ ಮಾಡಿಟ್ಟರೆ ಅಮ್ಮನಿಗೆ ದನಿ ತಿರುಗಿ ಬರುತ್ತದೆ, ರೆಕಾರ್ಡಿನಲ್ಲಿ ಮಾತೂ ಸ್ಪಷ್ಟ ಉಳಿಯುತ್ತದೆ. ಸರಿಯಾದ ಯೋಚನೆ. "ಬಿಚ್ಚೋಣೇನು?" ಅಂತ ನನ್ನ ಮುಖ ನೋಡಿದರು.

ಒಂದು ಗೋಡೆ ಬರಿದಾದರೆ ಸಾಕು, ಆ ಮೌನ ಹೋಗುತ್ತದೆ. ರೈಲಿನ ಸದ್ದು ಬರುತ್ತದೆ, ಕಾಗೆ ಬರುತ್ತದೆ, ನನ್ನ ಉಸಿರೇ ನನಗೆ ತಿರುಗಿ ಬಂದು ಎಲ್ಲವನ್ನೂ ಮುಚ್ಚುತ್ತದೆ. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಚೌಕಟ್ಟು ಬಿಚ್ಚಿದರೆ ರೀಪುಗಳು ಸೀಳುತ್ತವೆ, ಬೇರೆ ಏನಾದರೂ ನೋಡೋಣ ಅಂತ ಬಾಯಿಗೆ ಬಂದ ಸುಳ್ಳು ಹೇಳಿದೆ. ಅವರು ಪಾಪ, ಕಸುಬಿನವನ ಮಾತು ಅಂತ ನಂಬಿದರು.

ಬಾಗಿಲ ಸಂದಿಯಿಂದ ಒಳಗೆ ನೋಡಿದೆ. ಅಮ್ಮ ಚಾಪೆ ಬಿಟ್ಟು ಎದ್ದಿದ್ದರು. ಎದುರಿನ ಗೋಡೆಯ ಹತ್ತಿರ ಹೋಗಿ, ಖಾದಿಯ ಮೇಲೆ ಅಂಗೈ ಆಡಿಸುತ್ತ, ಮೆಲ್ಲಗೆ ತಟ್ಟುತ್ತಿದ್ದರು. ಹೂತದ್ದನ್ನು ಹುಡುಕುವ ಹಾಗೆ. ಸಪ್ಪಳವೇ ಬರುತ್ತಿರಲಿಲ್ಲ.

ಸಹಿಸಲಾಗಲಿಲ್ಲ. ಒಳಗೆ ಹೋದೆ. ಅಮ್ಮನನ್ನೂ ಮೇಷ್ಟ್ರನ್ನೂ ಹೊರಗೆ ನೆರಳಿಗೆ ಕಳಿಸಿ, ಸ್ವಲ್ಪ ಹೊತ್ತು ಕೊಡಿ ಅಂದೆ. ಬಾಗಿಲು ಹಾಕಿ ನಡುವೆ ಕೂತೆ. ಉಸಿರು ಇಳಿಯಲು ಆ ದಿನ ಬಹಳ ಹೊತ್ತು ಹಿಡಿಯಿತು. ಬಂತು. ಟುಂಯ್. ದೂರದ ಓಣಿ, ಬೇಸಿಗೆಯ ಮಧ್ಯಾಹ್ನ, ಯಾರದೋ ಮದುವೆಗೆ ಗಾದಿ. ಟುಂಯ್. ಮನಸ್ಸು ತುಂಬ ಕೇಳಿಸಿಕೊಂಡೆ ಅಂತ ಹೇಳಲಾರೆ, ಅದು ತುಂಬುವಂಥದಲ್ಲ. ಎದ್ದು ಚಾಕು ತೆಗೆದು ಎದುರಿನ ಗೋಡೆಯ ಮೊದಲ ಟಾಕಿ ಕತ್ತರಿಸಿ, ಚೌಕಟ್ಟಿನ ಮೊಳೆ ಎಬ್ಬಿಸಿದೆ. ಒಂದೊಂದು ಚೌಕಟ್ಟು ಇಳಿಸಿದ ಹಾಗೂ ಕೋಣೆ ದೊಡ್ಡದಾಗುತ್ತ ಬಂತು. ಕೊನೆಯದನ್ನು ಇಳಿಸಿ ನೆಲಕ್ಕಿಟ್ಟಾಗ ಅದರ ಸದ್ದು ಗೋಡೆಗೆ ತಾಗಿ ತಿರುಗಿ ನನ್ನ ಹತ್ತಿರ ಬಂತು. ನಾನು ಕಿವಿಗೊಟ್ಟು ನಿಂತೆ. ಹೊರಗಿನ ಕಾಗೆ ಕೇಳಿತು. ಬೇರೆ ಏನೂ ಇರಲಿಲ್ಲ.

ಮೇಷ್ಟ್ರು ಮೈಕು ತಿರುಗಿಸಿಟ್ಟರು. ಸೀಳದೆ ಉಳಿದ ರೀಪುಗಳ ಕಡೆ ಒಮ್ಮೆ ನೋಡಿದರು. ಅಮ್ಮ ಕೂತು ಎತ್ತಿದರು. ಒಳಗ ಯಾರಿದ್ದೀರಿ. ಕಲ್ಲುಗೋಡೆ ಹಿಡಿದು, ಸ್ವಲ್ಪ ತೆಳ್ಳಗೆ ಮಾಡಿ, ತಿರುಗಿ ಕೊಟ್ಟಿತು: ಯಾರಿದ್ದೀರಿ. ಅಮ್ಮನ ಮುಖ ಒಮ್ಮೆಲೇ ಸಣ್ಣ ಹುಡುಗಿಯದಾಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲಿಯೂ ತಡೆಯಲಿಲ್ಲ. ಆ ಗೋಡೆಯನ್ನು ಬಿಟ್ಟು ಅವರ ಕಣ್ಣು ಆಚೀಚೆ ಹೋಗಲಿಲ್ಲ. ಮುಗಿದ ಮೇಲೆ ಗೋಡೆಗೆ ಕೈಮುಗಿದರು.

ಮೇಷ್ಟ್ರು ರೆಕಾರ್ಡು ಹಾಕಿ ಕೇಳಿಸಿದರು. ಪ್ರತಿ ಮಾತೂ ಬಿಡಿಬಿಡಿ, ಅದರ ಹಿಂದೆ ನೆರಳಿನಷ್ಟು ಇನ್ನೊಂದು ದನಿ. ಅಮ್ಮ ಕಣ್ಣೊರೆಸಿಕೊಂಡು, ಆಕೆಗೆ ಸಲ್ಲಬೇಕಾದ್ದು ಸಂದಿತು ಅಂದರು. ಮೇಷ್ಟ್ರು ಚಹಾ ತರಲು ಮನೆಯೊಳಗೆ ಹೋದರು. ನಾನು ಇಳಿಸಿದ ಚೌಕಟ್ಟುಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದೆ. ಅಮ್ಮ ನನ್ನನ್ನೇ ನೋಡುತ್ತಿದ್ದರು ಅಂತ ಕಾಣುತ್ತದೆ.

"ಯಪ್ಪಾ, ನಿಂದೂ ಯಾರರ ಇದ್ರೇನು ಇಲ್ಲಿ?"

ಕೈಯಲ್ಲಿದ್ದ ಚೌಕಟ್ಟು ಕೆಳಗಿಟ್ಟೆ. "ನಮ್ಮಪ್ಪ ಇದ್ದನಮ್ಮಾ" ಅಂದೆ.

"ಯಾವಾಗ ಹೋದ್ರು?"

ಎಷ್ಟು ವರ್ಷವಾಯಿತೆಂದು ಕೌಲ್ ಬಜಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಬಾಯಿಂದ ಬಂದದ್ದು ಬೇರೆ. "ಇವತ್ತ" ಅಂದೆ.

 ಅಮ್ಮ ಚಾಪೆಯ ಮೇಲೆ ಮತ್ತೆ ಕೂತರು, ಸೆರಗು ತಲೆಗೆ ಎಳೆದುಕೊಂಡರು, ಎದುರಿಗೆ ನೆಲ ತಟ್ಟಿ ನನಗೆ ಜಾಗ ತೋರಿಸಿದರು.

"ಇವತ್ತ ಅಂದ್ರ ಹಾಡಬೇಕಲ್ಲಪ್ಪ. ಬಾ, ಕುಂದರು. ನಾ ಎತ್ತತೀನಿ, ನೀ ತಿರುಗಿ ಕೊಡು."

ಆ ಬರಿಗೋಡೆಗೆ ಬೆನ್ನು ಹಾಕಿ ನಾನು ಕೂತೆ. ಅವರು ಮೊದಲ ಸಾಲು ಹಾಡಿ ನಿಲ್ಲಿಸಿ, ನನ್ನ ಮುಖ ನೋಡಿ ಕಾದರು. ಹಾಡು ಬಾರದ ನನ್ನ ಗಂಟಲಿನಿಂದ ಹೇಗೋ ಕೊನೆಯ ಮಾತು ಎತ್ತಿ ಅವರಿಗೆ ಕೊಟ್ಟೆ. ಅವರು ಮುಂದಿನ ಸಾಲು ಎತ್ತಿದರು.